ಕಾಲೂರಬೇಡಿ ಅಂದಿದ್ದೆ

ಎರಡು ವರ್ಷದ ಹಿಂದೆ, ನಮ್ಮ ಡಾಕ್ಟರಿಗೆ ಪೇಪರ್ ಬರೆಯುವ ಹುಚ್ಚು ಹಿಡಿದಾಗ ನಡೆದದ್ದು ಇದು. ನಾನು ನಂಜನಗೂಡಿನ ಒಂದು ಸಣ್ಣ ಮೂಳೆ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸ್. ಹುಟ್ಟಿದ್ದು, ಬೆಳೆದದ್ದು ಪಕ್ಕದ ಕಳಲೆಯಲ್ಲಿ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಾಂಡ್ಯದ ಫ್ಯಾಕ್ಟರಿಯಲ್ಲಿ ಕೈ ಜಜ್ಜಿಕೊಂಡು ಬರುವ ಆರಡಿ ಆಳುಗಳೂ ನನ್ನ ಮುಂದೆ ಬೆಕ್ಕಿನ ಮರಿಯ ಹಾಗೆ ಕೂತಿರುತ್ತಾರೆ. ಡಾಕ್ಟರು ಬಹಳ ಮೆತ್ತನೆಯ ಮನುಷ್ಯ. ಹೇಳಿದ್ದರಲ್ಲಿ ಅರ್ಧ ಇಂಗ್ಲಿಷು, ಇನ್ನರ್ಧ ಗಂಟಲೊಳಗೇ ಉಳಿಯುತ್ತದೆ. ಹಾಗಾಗಿ ಡಿಸ್ಚಾರ್ಜ್ ಆಗುವವರಿಗೆ ಮನೇಲಿ ಹೇಗಿರಬೇಕು, ಏನು ಮಾಡಬಾರದು ಅಂತ ತಿಳಿಸಿ ಹೇಳುವ ಕೆಲಸ ನನ್ನದೇ. ಅದರಲ್ಲಿ ನನಗೆ ಜಂಬವೂ ಇತ್ತು ಅನ್ನಿ.

ಆ ಸಲ ಮೈಸೂರಿನಲ್ಲಿ ಸುತ್ತಮುತ್ತಲಿನ ಮೂಳೆ ಡಾಕ್ಟರುಗಳ ಸಭೆಯಾಯಿತು. ಅಲ್ಲಿ ಹಿರಿಯರೊಬ್ಬರು ಎಲ್ಲರಿಗೂ ಚೆನ್ನಾಗಿ ಚುರುಕು ಮುಟ್ಟಿಸಿದರಂತೆ. "ತಾಲ್ಲೂಕಲ್ಲಿ ಕೂತು ಇಷ್ಟೆಲ್ಲ ಆಪರೇಷನ್ ಮಾಡ್ತೀರಿ, ಒಂದಕ್ಷರ ಬರೆದಿಡಲ್ಲ. ನಿಮ್ಮ ಕೈ ನಿಂತ ದಿನ ನೀವು ಕಲಿತದ್ದೆಲ್ಲ ಮಣ್ಣುಪಾಲು. ನಿಮ್ಮ ಪೇಷಂಟ್‌ಗಳು ಆಮೇಲೆ ಹೇಗಾದ್ರು ಅಂತ ನೋಡಿ ಬರೀರಿ. ಮುಂದಿನ ಸಭೇಲಿ ಓದಿ. ಚೆನ್ನಾಗಿದ್ರೆ ಮೆಡಿಕಲ್ ಪತ್ರಿಕೆಗೆ ಕಳಿಸೋ ಜವಾಬ್ದಾರಿ ನಮ್ದು" ಅಂದರಂತೆ.

ಮಾರನೇ ದಿನ ಡಾಕ್ಟರು ಬಂದವರೇ, "ತೊಡೆ ಮೂಳೆ ಮುರಿದು ನಾವು ರಾಡು ಹಾಕಿದೋರೆಲ್ಲ ಈಗ ಹೇಗಿದ್ದಾರೆ ಅಂತ ಬರೀಬೇಕು ಸಿಸ್ಟರ್" ಅಂದರು.

"ಹೇಗಿರ್ತಾರೆ ಸಾರ್? ಚೆನ್ನಾಗಿರ್ತಾರೆ. ತೊಂದ್ರೆ ಇದ್ದಿದ್ರೆ ವಾಪಸ್ ಬರ್ತಿರ್ಲಿಲ್ವಾ?"

"ನಾನೂ ಇಷ್ಟು ದಿನ ಹಾಗೇ ಅಂದ್ಕೊಂಡಿದ್ದೆ. ಬರೆಯೋಕೆ ಅಷ್ಟು ಸಾಲಲ್ವಂತೆ. ಒಬ್ಬೊಬ್ಬರನ್ನೂ ಕೇಳ್ಬೇಕಂತೆ" ಅಂದು ನಕ್ಕರು.

ಸರಿ, ಅಟ್ಟದ ಮೇಲಿದ್ದ ರಿಜಿಸ್ಟರುಗಳು ಕೆಳಗಿಳಿದವು. ಓಪಿಡಿ ಮುಗಿದ ಮೇಲೆ ದಿನಾ ಒಂದು ಗಂಟೆ ನಾನು ಫೋನು ಹಿಡಿದು ಕೂರುವುದು. ಅದೊಂದು ಫಜೀತಿ. ಕೆಲವರ ನಂಬರು ಬೇರೆ ಯಾರಿಗೋ ಹೋಗುತ್ತಿತ್ತು. ಕೆಲವರು ಬ್ಯಾಂಕಿನವರು ಅಂದುಕೊಂಡು ಕಟ್ ಮಾಡುತ್ತಿದ್ದರು. ಸಿಕ್ಕವರೋ, "ಹೇಗಿದ್ದೀರಿ?" ಅಂದರೆ ಸಾಕು, "ನಿಮ್ಮ ದಯ, ಚೆನ್ನಾಗಿದೀವಿ" ಅನ್ನುವವರೇ. ನಾನು ಹೆಸರಿನ ಮುಂದೆ ಟಿಕ್ ಹಾಕುತ್ತಾ ಹೋದೆ.

ಅದರಲ್ಲಿ ಮಾದೇವಮ್ಮ ಒಬ್ಬರು. ತಿ. ನರಸೀಪುರದ ಆಚೆ, ನಾಲೆ ಪಕ್ಕದ ಹಳ್ಳಿಯವರು. ನಾಟಿ ಕೆಲಸಕ್ಕೆ ಹೆಂಗಸರನ್ನು ಕರೆದುಕೊಂಡು ಹೋಗುವ ಗುಂಪಿನ ಮುಂದಾಳು. ಟ್ರ್ಯಾಕ್ಟರಿನ ಟ್ರೈಲರಿಂದ ಬಿದ್ದು ಬಲತೊಡೆ ಮುರಿದುಕೊಂಡು ಬಂದಿದ್ದರು. ಆಪರೇಷನ್ ಆಗಿ ಒಂದೂವರೆ ವರ್ಷವಾಗಿತ್ತು. ಹೊಲಿಗೆ ಬಿಚ್ಚಿಸಲು ಒಂದು ಸಲ ಬಂದಿದ್ದರು. ಆಮೇಲೆ ಎರಡು ತಿಂಗಳಿಗೆ ಗಂಡ ಪುಟ್ಟಸ್ವಾಮಿ ಒಬ್ಬರೇ ನರಸೀಪುರದಲ್ಲಿ ತೆಗೆಸಿದ ಎಕ್ಸ್‌ರೇ ಹಿಡಿದು ಬಂದು ತೋರಿಸಿ, ಅದನ್ನು ನಮ್ಮಲ್ಲೇ ಬಿಟ್ಟು ಹೋಗಿದ್ದರು. ಅಷ್ಟೇ, ಮತ್ತೆ ಪತ್ತೆಯಿಲ್ಲ. ನಾನು ಫೋನು ಮಾಡಿದಾಗ ಪುಟ್ಟಸ್ವಾಮಿ, "ಚೆನ್ನಾಗವ್ಳೆ ಸಿಸ್ಟ್ರೆ, ನೋವು ಗೀವು ಏನೂ ಇಲ್ಲ" ಅಂದರು. ಟಿಕ್ ಹಾಕಿದೆ.

ಅಷ್ಟೂ ಎಕ್ಸ್‌ರೇಗಳಲ್ಲಿ ಡಾಕ್ಟರ ಕಣ್ಣಿಗೆ ಬಿದ್ದದ್ದು ಮಾದೇವಮ್ಮಂದೇ. ರಾಡು ನೆಟ್ಟಗೆ ಕೂತಿತ್ತು, ಮೂಳೆ ಅಂದವಾಗಿ ಕೂಡುತ್ತಿತ್ತು. "ಪೇಪರಿಗೆ ಇದನ್ನೇ ಹಾಕ್ತೀನಿ. ಪಕ್ಕದಲ್ಲಿ ಅವರು ನಿಂತಿರೋ ಫೋಟೋ ಒಂದು ಬೇಕು. ಅವರನ್ನ ಒಪ್ಪಿಸಿ ತಗೊಂಡು ಬರ್ತೀರಾ?" ಅಂದರು. ಹೂಂ ಅಂದೆ. ಒಂದು ಭಾನುವಾರ ಒಳ್ಳೆ ಸೀರೆ ಉಟ್ಟುಕೊಂಡು ನರಸೀಪುರದ ಬಸ್ ಹತ್ತಿದೆ. ಕೆಲಸ ಮುಗಿಸಿ ಅಲ್ಲಿನ ನದಿ ಸಂಗಮ ನೋಡಿಕೊಂಡು ಬರುವ ಆಸೆಯೂ ಇತ್ತು.

ಆಟೋ ಇಳಿದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಮಾದೇವಮ್ಮ ಜಗಲಿ ಮೇಲೆ ಕಾಲು ನೀಡಿಕೊಂಡು ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿ ಅವರ ಮುಖ ಊರಗಲ ಆಯಿತು. "ಅಯ್ಯೋ ನಮ್ಮ ಸಿಸ್ಟ್ರಮ್ಮ! ಬನ್ನಿ ಬನ್ನಿ" ಅಂತ ಸೊಸೆಯನ್ನು ಕೂಗಿ ಚಾಪೆ ಹಾಸಿಸಿದರು, ಕಾಫಿ ಮಾಡಿಸಿದರು. ಕೂತಲ್ಲಿಂದ ಏಳಲಿಲ್ಲ. ನಾನೂ ಗಮನಿಸಲಿಲ್ಲ. ಕಾಫಿ ಕುಡಿದು ಫೋನು ತೆಗೆದೆ.

"ಎಲ್ಲಿ, ಎದ್ದು ನಿಂತ್ಕೊಳ್ಳಿ ಮಾದೇವಮ್ಮ, ಒಂದು ಫೋಟೋ ಹೊಡೀತೀನಿ. ಡಾಕ್ಟರು ಪೇಪರಿಗೆ ಹಾಕ್ತಾರೆ."

ಅವರು ಗಂಡನ ಮುಖ ನೋಡಿದರು. ಪುಟ್ಟಸ್ವಾಮಿ ಒಂದು ಕಡೆ, ಸೊಸೆ ಇನ್ನೊಂದು ಕಡೆ ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಅದು ಅವರಿಗೆ ದಿನಾ ಅಭ್ಯಾಸವಾದ ಕೆಲಸ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಎಡಗಾಲು ನೆಲದ ಮೇಲಿತ್ತು. ಬಲಗಾಲು ನೆಲದಿಂದ ಒಂದು ಗೇಣು ಮೇಲೆ ನಿಂತಿತ್ತು.

"ಯಾಕೆ, ಆ ಕಾಲಿಗೇನಾಯ್ತು? ಕೆಳಗಿಡಿ" ಅಂದೆ ನಗುತ್ತಾ.

"ಮಡಗ್‌ಬೋದಾ ಸಿಸ್ಟ್ರಮ್ಮ?"

ನನಗೆ ತಮಾಷೆ ಮಾಡುತ್ತಿದ್ದಾರೆ ಅನ್ನಿಸಿತು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

"ನೀವೇ ಅಲ್ವಾ ಏಳಿದ್ದು," ಅಂದರು, "ಡಾಕ್ಟ್ರು ಏಳೋಗಂಟ ಕಾಲೂರ್‌ಬ್ಯಾಡಿ, ಊರುದ್ರೆ ರಾಡು ಮುರ್ದೋಯ್ತದೆ ಅಂತವ. ಒಂದಿನಾನೂ ನೆಲಕ್ ಮಡಗಿಲ್ಲ ಕಣಿ, ನಿಮ್ಮಾಣೆಗೂ. ನೀವ್ ಏಳ್ದಂಗೇ ಇವ್ನಿ."

ಅದನ್ನು ಅವರು ಹೆಮ್ಮೆಯಿಂದ ಹೇಳಿದರು. ಪರೀಕ್ಷೆಯಲ್ಲಿ ಪಾಸಾದ ಮಗು ಮೇಷ್ಟ್ರಿಗೆ ಹೇಳುವ ಹಾಗೆ. ನನ್ನ ಕೈಯಲ್ಲಿದ್ದ ಫೋನು ಜಾರಿ ಚಾಪೆ ಮೇಲೆ ಬಿತ್ತು. ಒಂದೂವರೆ ವರ್ಷ! ದೇವರೇ, ಒಂದೂವರೆ ವರ್ಷ!

ನನ್ನ ಮಾತು ನನಗೆ ಚೆನ್ನಾಗಿ ನೆನಪಿತ್ತು. ಡಿಸ್ಚಾರ್ಜ್ ದಿನ ಎಲ್ಲರಿಗೂ ಅದೇ ಪಾಠ ಒಪ್ಪಿಸುತ್ತಿದ್ದೆ. ಹಿಂದೆ ಒಬ್ಬರು ಮಾತು ಕೇಳದೆ ಹತ್ತೇ ದಿನಕ್ಕೆ ಓಡಾಡಿ ರಾಡು ಮುರಿದುಕೊಂಡು ಬಂದಿದ್ದ ಕಥೆಯನ್ನೂ ಸೇರಿಸಿ ಹೆದರಿಸುತ್ತಿದ್ದೆ. ಊರಬೇಡಿ ಅನ್ನುತ್ತಿದ್ದೆನೇ ಹೊರತು ಎಷ್ಟು ದಿನ ಅಂತ ಹೇಳುತ್ತಿರಲಿಲ್ಲ. ವಾಪಸ್ ತೋರಿಸಲು ಬರುತ್ತಾರಲ್ಲ, ಆಗ ಡಾಕ್ಟರು ಹೇಳುತ್ತಾರೆ ಅಂತ.

ಪುಟ್ಟಸ್ವಾಮಿಯನ್ನು ಕೇಳಿದೆ, "ಎಕ್ಸ್‌ರೇ ತೋರಿಸಿದಾಗ ಡಾಕ್ಟರು ಏನಂದ್ರು?"

"ಚೆನ್ನಾಗಿ ಕೂಡ್ಕತಾ ಅದೆ, ಮುಂದಿನ್ ತಿಂಗ್ಳು ಕರ್ಕಂಡ್ ಬನ್ನಿ ಅಂದ್ರು. ಕೂಡ್ಕತಾ ಅದಲ್ಲ, ಇನ್ಯಾಕೆ ಅಷ್ಟು ದೂರ ಎತ್ಕಂಡೋಗದು ಅಂತ ಸುಮ್ನಾದೊ."

"ನಡಿಬಹುದಾ ಅಂತ ಕೇಳ್ಲಿಲ್ವಾ?"

"ದೊಡ್ಡೋರ್ನ ನಾವೆಂಗೆ ಕೇಳದು ಸಿಸ್ಟ್ರೆ? ನಡೆಯಂಗಿದ್ರೆ ಅವ್ರೇ ಏಳ್ತಿರ್ಲಿಲ್ವಾ?"

ಡಾಕ್ಟರ ಮುಂದೆ ನಿಂತು ಎದುರು ಪ್ರಶ್ನೆ ಕೇಳಿದವರನ್ನು "ಹೇಳಿದಷ್ಟು ಮಾಡಿ" ಅಂತ ಗದರಿಸಿ ಹೊರಗೆ ಕಳಿಸುತ್ತಿದ್ದವಳು ನಾನೇ.

ಮಾದೇವಮ್ಮ ಮನೆಯೊಳಗೆ ಕುಂಡಿಯ ಮೇಲೆ ಜರುಗಿಕೊಂಡೇ ಓಡಾಡುತ್ತಿದ್ದರು. ಬಚ್ಚಲಿಗೆ ಹೋಗಬೇಕಾದರೆ ಇಬ್ಬರು ಎತ್ತಬೇಕು. ನಾಟಿ ಗುಂಪು ಬೇರೆಯವರ ಪಾಲಾಗಿತ್ತು. ಸೀರೆ ಸ್ವಲ್ಪ ಸರಿಸಿ ಕಾಲು ನೋಡಿದೆ. ತೊಡೆ ಸೊರಗಿ ನನ್ನ ತೋಳಿನಷ್ಟಾಗಿತ್ತು. ಮಂಡಿ ಬಿಗಿದು ಹೋಗಿ ಮಡಿಸಲು ಬರುತ್ತಿರಲಿಲ್ಲ.

ಹಿತ್ತಲಿಗೆ ಹೋಗಿ ಡಾಕ್ಟರಿಗೆ ಫೋನು ಮಾಡಿದೆ. ಹೇಳುವಾಗ ಅಳು ಬಂತು. "ಕಾಲು ಕೆಳಗಿಡಿಸಬೇಡಿ. ಹಾಗೇ ಇರ್ಲಿ. ನಾನು ಬರ್ತೀನಿ" ಅಂದರು ಅವರು.

ಒಂದು ಗಂಟೆಯೊಳಗೆ ಬಂದರು. ಭಾನುವಾರ, ಮನೆಯಲ್ಲಿ ಹಾಕಿಕೊಂಡಿದ್ದ ಬಟ್ಟೆಯಲ್ಲೇ ಬಂದಿದ್ದರು. ಜಗಲಿ ಮೇಲೆ ಕೂತು ಕಾಲು ಮುಟ್ಟಿ ನೋಡಿದರು. ತಮ್ಮ ಕಾರಿನಲ್ಲೇ ಮಾದೇವಮ್ಮನನ್ನು ನರಸೀಪುರದ ಎಕ್ಸ್‌ರೇ ಅಂಗಡಿಗೆ ಕರೆದುಕೊಂಡು ಹೋದೆವು. ಭಾನುವಾರ ಅಂತ ಬಾಗಿಲು ಹಾಕುತ್ತಿದ್ದವರನ್ನು ಡಾಕ್ಟರು ಕೈಮುಗಿದು ನಿಲ್ಲಿಸಿದರು. ಫಿಲ್ಮು ಕೈಗೆ ಬಂದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನಿಂತರು.

"ಕೂಡಿದೆ. ಯಾವತ್ತೋ ಕೂಡಿದೆ" ಅಂದರು, ಗಟ್ಟಿಯಾಗಿ. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ನಾನೂ ಪುಟ್ಟಸ್ವಾಮಿಯೂ ಎರಡು ಕಡೆ ಹಿಡಿದು ನಿಲ್ಲಿಸಿದೆವು. "ಭಾರ ಬಿಡಬೇಡಿ ಅಮ್ಮ, ಸುಮ್ನೆ ಪಾದ ನೆಲಕ್ಕೆ ತಾಗಿಸಿ" ಅಂದರು ಡಾಕ್ಟರು. ಮಾದೇವಮ್ಮ ಕಾಲು ಇಳಿಸಲಿಲ್ಲ. ನನ್ನ ಕಡೆ ತಿರುಗಿದರು.

"ಸಿಸ್ಟ್ರಮ್ಮ, ನೀವೇಳಿ."

ಡಾಕ್ಟರು ಪಕ್ಕದಲ್ಲೇ ಇದ್ದರೂ ಅವರಿಗೆ ಬೇಕಿದ್ದದ್ದು ನನ್ನ ಮಾತು. ಅವರ ಕೈ ಗಟ್ಟಿಯಾಗಿ ಹಿಡಿದು "ಊರಿ ಮಾದೇವಮ್ಮ, ಊರಿ" ಅಂದೆ.

ಪಾದ ನಿಧಾನವಾಗಿ ಇಳಿಯಿತು. ಮೊದಲು ಹೆಬ್ಬೆರಳು, ಆಮೇಲೆ ಉಳಿದದ್ದು. ಅವರು ಉಸಿರು ಬಿಗಿಹಿಡಿದಿದ್ದರು. ರಾಡು ಮುರಿಯುವ ಸದ್ದಿಗೆ ಕಾಯುತ್ತಿದ್ದರು ಅಂತ ಆಮೇಲೆ ಹೇಳಿದರು. ಸದ್ದೇನೂ ಬರಲಿಲ್ಲ. "ಅಯ್ಯೋ ಶಿವನೇ, ನೆಲ ಎಷ್ಟು ತಣ್ಣಗದೆ!" ಅಂದರು. ಪುಟ್ಟಸ್ವಾಮಿ ಟವಲಿನಿಂದ ಮುಖ ಮುಚ್ಚಿಕೊಂಡು ಗೊಳೋ ಅಂತ ಅತ್ತುಬಿಟ್ಟರು.

ವಾಪಸ್ ಬರುವಾಗ ಕಾರಿನಲ್ಲಿ ನಾನೊಂದು ಮಾತಾಡಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ಸಾರ್, ಸಭೆಗೆ ಇನ್ನು ಮೂರೇ ವಾರ. ಇವರೊಬ್ಬರದು ಬಿಟ್ಟುಬಿಡಿ. ಯಾರಿಗೆ ಗೊತ್ತಾಗುತ್ತೆ?" ಅಂದೆ.

ಡಾಕ್ಟರು ಕಾರು ಪಕ್ಕಕ್ಕೆ ಹಾಕಿದರು. "ಇದನ್ನ ಬಿಟ್ಟು ಬರೆಯೋಕೆ ಇನ್ನೇನಿದೆ ಸಿಸ್ಟರ್? ನನ್ನ ಲೆಕ್ಕದಲ್ಲಿ ಇವರು ಎಲ್ಲರಿಗಿಂತ ಚೆನ್ನಾಗಿರೋ ಪೇಷಂಟು. ಪೇಪರಿನ ಸಹವಾಸ ಇಲ್ದಿದ್ರೆ ಸಾಯೋವರೆಗೂ ಹಾಗೇ ಕೂತಿರ್ತಿದ್ರು. ನಿಮ್ಮ ತಪ್ಪು ಅಂತ ಅಳ್ಬೇಡಿ. ಗಂಡ ಎದುರಿಗೆ ನಿಂತಾಗ ನಾನು ಎಕ್ಸ್‌ರೇ ನೋಡ್ದೆ, ಅವರ ಮುಖ ನೋಡ್ಲಿಲ್ಲ. ಇನ್ನೂ ಹೀಗೆ ಎಷ್ಟು ಜನ ಇದ್ದಾರೋ ಮೊದ್ಲು ನೋಡೋಣ" ಅಂದರು.

ಟಿಕ್ ಹಾಕಿದ್ದವರನ್ನೆಲ್ಲ ಮತ್ತೆ ಹಿಡಿದೆವು. ಈ ಸಲ ಫೋನಿನಲ್ಲಲ್ಲ, ಮನೆಗೇ ಹೋಗಿ. "ಚೆನ್ನಾಗಿದ್ದೀರಾ" ಅಂತ ಕೇಳಲಿಲ್ಲ, "ಎದ್ದು ನಡೆದು ತೋರಿಸಿ" ಅಂದೆವು. ಹೆಚ್ಚಿನವರು ನಿಜವಾಗಿಯೂ ಚೆನ್ನಾಗಿದ್ದರು. ತಗಡೂರಿನ ಕಡೆ ಒಬ್ಬ ಅಜ್ಜ ಮಾತ್ರ ಎಂದೋ ಬಿಡಬೇಕಾಗಿದ್ದ ಊರುಗೋಲನ್ನು ಇನ್ನೂ ಕಂಕುಳಿಗೇ ಇಟ್ಟುಕೊಂಡಿದ್ದರು. ಬಿಡಿ ಅಂತ ಅವರಿಗೂ ಯಾರೂ ಹೇಳಿರಲಿಲ್ಲ.

ಸಭೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮಾದೇವಮ್ಮನ ಹೆಸರು ಹೇಳದೆ, ಅವರ ಒಪ್ಪಿಗೆ ಪಡೆದು, ಡಾಕ್ಟರು ಆ ಚೆಂದದ ಎಕ್ಸ್‌ರೇ ತೋರಿಸಿದರು. ಮುಂದೆ ಕೂತವರು ತಲೆದೂಗಿದರು. ಆಮೇಲೆ, ಅವತ್ತು ಎಕ್ಸ್‌ರೇ ಅಂಗಡಿಯಲ್ಲಿ ಕಾಲೂರುವ ಮೊದಲು ತಾವೇ ತೆಗೆದಿದ್ದ, ಸೊರಗಿದ ಕಾಲು ಮೇಲೆತ್ತಿಕೊಂಡು ನಿಂತಿರುವ ಫೋಟೋ ತೋರಿಸಿ, ನಡೆದದ್ದು ನಡೆದ ಹಾಗೇ ಹೇಳಿದರು. ಬರೆಯಿರಿ ಅಂದಿದ್ದ ಆ ಹಿರಿಯರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನನ್ನ ಪೇಷಂಟ್‌ಗಳನ್ನೂ ಹುಡುಕಬೇಕು" ಅಂದರು. ಪೇಪರು ಆಮೇಲೆ ಅಚ್ಚೂ ಆಯಿತು. ಕೊನೆಯಲ್ಲಿ ವಂದನೆ ಹೇಳಿರುವ ಜಾಗದಲ್ಲಿ ನನ್ನ ಹೆಸರಿದೆ. ಮನೆಯವರೆಲ್ಲ ಖುಷಿಪಟ್ಟರು. ನನಗೆ ಅದನ್ನು ಯಾರಿಗೂ ತೋರಿಸಬೇಕು ಅನ್ನಿಸುವುದಿಲ್ಲ.

ಮಾದೇವಮ್ಮ ಏಳೆಂಟು ತಿಂಗಳು ವ್ಯಾಯಾಮ ಮಾಡಿದರು. ಈಗ ಕೋಲು ಹಿಡಿದು ನಡೆಯುತ್ತಾರೆ, ಬಚ್ಚಲಿಗೆ ಒಬ್ಬರೇ ಹೋಗುತ್ತಾರೆ. ಮಂಡಿ ಪೂರ್ತಿ ಮಡಿಸಲು ಇನ್ನೂ ಬರುವುದಿಲ್ಲ. ಗದ್ದೆಗಿಳಿಯುವುದು ಇನ್ನು ಆಗದ ಮಾತು. ಒಂದು ದಿನ ಅವರ ಕೈ ಹಿಡಿದುಕೊಂಡು, "ನನ್ನಿಂದ ತಪ್ಪಾಯ್ತು ಮಾದೇವಮ್ಮ, ಬೈಯಿರಿ ನನ್ನ" ಅಂದೆ. "ಬುಡ್ತು ಅನ್ನಿ, ನಿಮ್ಮ ಮಾತು ಕೇಳಿದ್ಕೇ ಅಲ್ವಾ ನನ್ ಕಾಲು ಉಳ್ದಿದ್ದು!" ಅಂದುಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ಪ್ರತಿಯೊಬ್ಬರ ಚೀಟಿಯ ಮೇಲೂ ಕಾಲೂರಿಸಲು ಬರಬೇಕಾದ ತಾರೀಖು ದಪ್ಪಕ್ಷರದಲ್ಲಿ ಬರೆಯುತ್ತೇನೆ. ಅವತ್ತು ಬಾರದಿದ್ದರೆ ಮಾರನೇ ದಿನ ನಾನೇ ಫೋನು ಮಾಡುತ್ತೇನೆ. ಹೋದ ತಿಂಗಳು ನರಸೀಪುರದ ಕಡೆಯಿಂದ ಒಬ್ಬ ಹೆಂಗಸು ಕಾಲು ಮುರಿದುಕೊಂಡು ಬಂದರು. ಮಾದೇವಮ್ಮ ಕಳಿಸಿದ್ದಂತೆ. "ಆ ಸಿಸ್ಟ್ರು ಏನೇಳ್ತಾರೋ ಅಂಗೇ ಕೇಳು, ಎದುರಾಡ್‌ಬ್ಯಾಡ ಅಂದವ್ರೆ ಕಣಿ" ಅಂದರು. ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು, "ಬೇಡಮ್ಮ, ನನ್ನನ್ನ ಕೇಳಿ. ಎಷ್ಟು ಸಲ ಬೇಕಾದ್ರೂ ಕೇಳಿ" ಅಂತ ಬೇಡಿಕೊಂಡೆ.