ಪಟ್ಟಿಯ ನಾಲ್ಕನೇ ಹೆಸರು

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ತುದಿ ನುಣ್ಣಗೆ, ತುಸು ಹಳದಿಯಾಗಿ, ಸವೆದ ಸೋಪಿನ ಚೂರಿನಂತೆ ಹೊಳೆಯುತ್ತಿತ್ತು. ಇಸ್ತ್ರಿಪೆಟ್ಟಿಗೆ ಎಷ್ಟು ಕಾದಿದೆ ಎಂದು ತಿಳಿಯಲು ಅವರು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಅದರ ತಳಕ್ಕೆ ಒತ್ತುತ್ತಿದ್ದರು. ಚುಂಯ್ ಎಂಬ ಸದ್ದು ಕೇಳಿದರೆ ಸಾಕು, ಯಾವ ಬಟ್ಟೆಗೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಹೇಳಿಬಿಡುತ್ತಿದ್ದರು. ವರ್ಷಗಟ್ಟಲೆ ಹೀಗೆ ಒತ್ತಿ ಒತ್ತಿ ಗೆರೆಗಳೆಲ್ಲ ಅಳಿಸಿಹೋಗಿದ್ದವು. ನಮ್ಮ ಕಚೇರಿಗೆ ಬೆರಳಚ್ಚಿನ ಹಾಜರಿ ಯಂತ್ರ ಬಂದಾಗ ಅದು ಎಲ್ಲರನ್ನೂ ಗುರುತಿಸಿತು, ಅವರೊಬ್ಬರನ್ನು ಬಿಟ್ಟು. "ನೋಡಮ್ಮಾ, ನಾನು ಕೆಲಸಕ್ಕೇ ಬಂದಿಲ್ಲವಂತೆ" ಎಂದು ನಕ್ಕು ಹಳೆಯ ಹಾಜರಿ ಪುಸ್ತಕದಲ್ಲೇ ಸಹಿ ಹಾಕಿ ಹೋದರು.

ಕೊಚ್ಚಿಯ ಒಂದು ಸಣ್ಣ ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿಗೆ ಅವರು ಕಿಟ್ ಮ್ಯಾನ್. ಎಂದರೆ ಆಟಗಾರರ ಜರ್ಸಿ, ಚಡ್ಡಿ, ಕಾಲುಚೀಲ, ಬೂಟು, ಎಲ್ಲದರ ಉಸ್ತುವಾರಿ. ನಾನು ಅದೇ ಕ್ಲಬ್ಬಿನ ಎರ್ನಾಕುಲಂ ಕಚೇರಿಯಲ್ಲಿ ಪ್ರಯಾಣ, ಹೋಟೆಲು, ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆ. ಕಾಸರಗೋಡಿನವಳಾದ್ದರಿಂದ ಮಲಯಾಳ ಚೆನ್ನಾಗಿಯೇ ಬರುತ್ತಿತ್ತು. ಆದರೂ ಮೆಟ್ರೊದಲ್ಲಿ ಆಲುವಕ್ಕೆ ಹೋಗಿ, ಅಲ್ಲಿಂದ ಆಟೊ ಹಿಡಿದು ಅಭ್ಯಾಸದ ಮೈದಾನ ತಲುಪಿದ ಮೊದಲ ದಿನ, ಬೂಟುಗಳ ರಾಶಿಯ ಹಿಂದಿನಿಂದ "ಊಟ ಆಯ್ತೇನಮ್ಮಾ?" ಎಂದು ಅಚ್ಚ ಬೆಂಗಳೂರು ಕನ್ನಡ ಕೇಳಿ ಬೆಚ್ಚಿಬಿದ್ದೆ. ಹರೆಯದಲ್ಲಿ ಅವರು ಬೆಂಗಳೂರಿನ ಯಾವುದೋ ಕಾರ್ಖಾನೆಯ ತಂಡದಲ್ಲಿ ಆರು ವರ್ಷ ಆಡಿದ್ದರಂತೆ. ಮೊದಲು ಮೊಣಕಾಲು ಹೋಯಿತು, ಆಮೇಲೆ ತಂಡವೇ ಹೋಯಿತು. ಕನ್ನಡವೊಂದು ಉಳಿಯಿತು.

ಕೊಚ್ಚಿಯಲ್ಲಿ ದೊಡ್ಡವರನ್ನು 'ಚೇಟ್ಟಾ' ಎನ್ನುವುದು ರೂಢಿ. ನಾನೂ ಹಾಗೆಯೇ ಶುರುಮಾಡಿದೆ. ಅವರು ತಡೆದರು. "ನಮ್ಮ ತಿರುವನಂತಪುರದ ಕಡೆ ಅಣ್ಣಾ ಅಂತಾನೇ ಕರೆಯೋದು. ನಿಮ್ಮಲ್ಲೂ ಹಂಗೇ ಅಲ್ವಾ? ಮತ್ಯಾಕೆ ಸುತ್ತಿ ಬಳಸಿ ಹೋಗ್ತೀಯ?" ಅಂದಿನಿಂದ ಅವರು ನನಗೆ ಅಣ್ಣ.

ಅಣ್ಣನ ಕೋಣೆಯಲ್ಲಿ ಅಣ್ಣನದೇ ಕಾನೂನು. ಜರ್ಸಿ ನೆಲಕ್ಕೆ ತಾಗಬಾರದು. ತಣ್ಣೀರಿನಲ್ಲೇ ಒಗೆಯಬೇಕು, ಒಳಮಗ್ಗುಲು ಹೊರಗೆ ಮಾಡಿ ನೆರಳಿನಲ್ಲೇ ಒಣಗಿಸಬೇಕು. ಬೂಟು ಕಚ್ಚುತ್ತದೆಂದು ಯಾರಾದರೂ ಹೊಸ ಆಟಗಾರ ಗೊಣಗಿದರೆ, ಅದಕ್ಕೆ ಒದ್ದೆ ಕಾಗದ ತುರುಕಿಟ್ಟು, ಮರುದಿನ ತಾವೇ ಹಾಕಿಕೊಂಡು ಮೈದಾನಕ್ಕೆ ನಾಲ್ಕು ಸುತ್ತು ಕುಂಟುತ್ತಿದ್ದರು. ಹಸಿರು ಬೂಟು, ಮಡಚಿದ ಲುಂಗಿ, ಬಾಯಲ್ಲಿ ಸೇಫ್ಟಿ ಪಿನ್ನು. ನಮ್ಮ ವಿದೇಶಿ ತರಬೇತುದಾರರು ಮೊದಲ ಸಲ ಆ ದೃಶ್ಯ ಕಂಡವರು ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದ್ದರು.

ಪಂದ್ಯದ ದಿನ ಇಸ್ತ್ರಿಗೆ ಮೊದಲು ತೆಗೆದುಕೊಳ್ಳುತ್ತಿದ್ದುದು ಬದಲಿ ಆಟಗಾರರ ಜರ್ಸಿ. ನಾಯಕನದು, ಗೋಲು ಹೊಡೆಯುವವನದು ಕೊನೆಗೆ. ಇದೆಂಥ ಉಲ್ಟಾ ಕ್ರಮ ಎಂದು ಕೇಳಿದೆ. "ಆಡೋನ ಜರ್ಸಿ ಹೆಂಗೂ ಆಗೇ ಆಗುತ್ತೆ, ಎಲ್ರೂ ನೆನಪು ಮಾಡ್ತಾರೆ. ಬೆಂಚಲ್ಲಿ ಕೂರೋನ್ದು ಕೊನೆಗಿಟ್ರೆ, ಟೈಮಿಲ್ಲ ಅಂತ ಬಿಟ್ಬಿಡ್ತೀವಿ" ಎಂದರು. ಆಗ ನನಗೆ ಇದೊಂದು ಮುದ್ದಾದ ಹುಚ್ಚು ಎನಿಸಿತ್ತು, ಅಷ್ಟೆ.

ಆಮೇಲೆ ಕೊರೊನಾ ಬಂತು. ನಮ್ಮಂಥ ಕ್ಲಬ್ಬು ಯಾವುದರಿಂದ ಉಸಿರಾಡುತ್ತದೆ ಎಂದು ನನಗೆ ತಿಳಿದದ್ದು ಅದರ ಉಸಿರು ಕಟ್ಟಿದ ಮೇಲೆಯೇ. ಪ್ರೇಕ್ಷಕರಿಲ್ಲ ಎಂದಾದಾಗ ಟಿಕೆಟ್ಟಿಲ್ಲ. ಟಿಕೆಟ್ಟಿಲ್ಲದ ಕಡೆ ಚಹಾ ಅಂಗಡಿಯ ಬಾಡಿಗೆಯಿಲ್ಲ, ಮಾರಲು ಧ್ವಜವಿಲ್ಲ, ಶಾಲಿಲ್ಲ. ಜರ್ಸಿಯ ಎದೆಯ ಮೇಲೆ ಹೆಸರು ಹಾಕಿಸಿಕೊಂಡಿದ್ದ ಪ್ರವಾಸಿ ಕಂಪನಿ ಎರಡು ಸಾಲಿನ ಮಿಂಚಂಚೆ ಕಳಿಸಿ ಕೈತೊಳೆದುಕೊಂಡಿತು. ನಮ್ಮ ಮಾಲೀಕರೇನೂ ಕಟುಕರಲ್ಲ. ಅವರ ಹೋಟೆಲುಗಳಿಗೂ ಬೀಗ ಬಿದ್ದಿತ್ತು. ಆಟಗಾರರಿಗೆ ಅರ್ಧ ಸಂಬಳ, ಕಚೇರಿಯವರಿಗೆ ಅದಕ್ಕಿಂತ ತುಸು ಹೆಚ್ಚು ಎಂದು ಹೇಗೋ ಎಳೆದರು. ಅದೂ ಸಾಗದಾದಾಗ ನನಗೆ ಫೋನು ಮಾಡಿದರು: "ಯಾರಿಲ್ಲದೆಯೂ ಈ ಸೀಸನ್ ನಡೆಯುತ್ತದೋ ಅಂಥ ಆರು ಜನರ ಪಟ್ಟಿ ಕಳಿಸು."

ಆ ಸಲದ ಲೀಗು ಬೇರೆ ರಾಜ್ಯದ ಒಂದೇ ಊರಿನಲ್ಲಿ, ಹೊರಗಿನವರಿಗೆ ಬಾಗಿಲು ಹಾಕಿಕೊಂಡು ನಡೆಯುವುದಿತ್ತು. ಪ್ರತಿ ತಂಡದೊಂದಿಗೆ ಇಷ್ಟೇ ಜನ ಎಂಬ ನಿಯಮ ಬೇರೆ. ಹೋಟೆಲಿನಲ್ಲಿ ಬಟ್ಟೆ ಒಗೆಯುವ ಯಂತ್ರವಿದೆ, ಹಾಗಾದರೆ ಕಿಟ್ ಮ್ಯಾನ್ ಯಾಕೆ? ಹೀಗೆ ಯೋಚಿಸಿದವಳು ನಾನೇ. ಅಣ್ಣನ ಹೆಸರನ್ನು, ಅವರ ಮನೆಹೆಸರಿನ ಸಮೇತ, ನಾಲ್ಕನೆಯದಾಗಿ ಬರೆದು ಕಳಿಸಿದೆ. ಅವರ ಮಗಳು ತಿರುವನಂತಪುರದಲ್ಲಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ, ಅವರ ಸಂಬಳದಿಂದಲೇ ಓದುತ್ತಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ.

ಸಂಬಳವಿಲ್ಲದ ರಜೆಯ ಪತ್ರ ಕೈಗೆ ಬಂದ ದಿನ ಅಣ್ಣ ಅದನ್ನು ಎರಡು ಸಲ ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡರು.

"ಯಾರಮ್ಮಾ ಪಟ್ಟಿ ಮಾಡಿದ್ದು?"

"ಮೇಲಿನವರು, ಅಣ್ಣಾ."

"ಹೌದಾ" ಎಂದರು. ಆಮೇಲೆ ಕೋಣೆಯ ಬೀಗದಕೈ ಕೊಟ್ಟು, "ಬಾ, ಒಗೆಯೋದು ಹೇಳಿಕೊಡ್ತೀನಿ, ಐದೇ ನಿಮಿಷ" ಎಂದರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ. "ಒಗೆಯುವುದರಲ್ಲಿ ಎಂತ ಉಂಟು ಅಣ್ಣಾ, ನಾನು ನೋಡಿಕೊಳ್ತೇನೆ" ಎಂದು ಹೊರಬಿದ್ದೆ. ಅವರು ತಿರುವನಂತಪುರದ ಹತ್ತಿರ ತುಂಬ ಎಂಬ ಊರಿನ ಕಡಲದಂಡೆಯ ತಮ್ಮ ಮನೆಗೆ, ಭಾವನ ದೋಣಿಯ ಕೆಲಸಕ್ಕೆ ಹೋದರೆಂದು ಆಮೇಲೆ ತಿಳಿಯಿತು.

ಲೀಗಿನ ಊರಿನಲ್ಲಿ ನಾನು ನಾಲ್ಕು ಜನರ ಕೆಲಸ ಮಾಡುತ್ತಿದ್ದೆ. ಅದರಲ್ಲಿ ಒಗೆಯುವುದೂ ಒಂದು. ದಿನಕ್ಕೆ ಹತ್ತು ಸಲ ಕೈಗೆ ಸ್ಯಾನಿಟೈಸರ್ ಸುರಿದುಕೊಳ್ಳುತ್ತಿದ್ದ ಕಾಲ. ಪಕ್ಕದ ತಂಡದಲ್ಲಿ ಒಬ್ಬರಿಗೆ ಸೋಂಕು ತಗುಲಿದ ಸುದ್ದಿ ಬಂದಾಗ ನನ್ನ ಜೀವ ಹಾರಿಹೋಯಿತು. ಬೆಳಗ್ಗೆ ಎದ್ದವಳೇ, ಸಂಜೆಯ ಪಂದ್ಯದ ಹದಿನೆಂಟು ಜರ್ಸಿಗಳನ್ನೂ ಯಂತ್ರಕ್ಕೆ ಹಾಕಿ, ನೀರಿನ ಬಿಸಿಯನ್ನು ಎಷ್ಟು ತಿರುಗಿಸಲು ಬರುತ್ತದೋ ಅಷ್ಟು ತಿರುಗಿಸಿದೆ. ವೈರಾಣು ಸತ್ತಿತೋ ಇಲ್ಲವೋ, ಜರ್ಸಿಯ ಬೆನ್ನಿಗೆ ಅಂಟಿಸಿದ್ದ ಅಂಕಿಗಳೆಲ್ಲ ಸುಲಿದು ಬಂದವು. ಯಂತ್ರದ ಬಾಗಿಲು ತೆರೆದರೆ ಎಂಟು, ಒಂಬತ್ತು, ಏಳುಗಳೆಲ್ಲ ಹಪ್ಪಳದಂತೆ ಮುದುಡಿ ತಳದಲ್ಲಿ ಬಿದ್ದಿದ್ದವು. ಬೇರೆ ಜರ್ಸಿಗಳಿರಲಿಲ್ಲ. ಪ್ರತಿ ವರ್ಷ ಮೂರು ಜೊತೆ ಹೊಲಿಸುತ್ತಿದ್ದ ಕ್ಲಬ್ಬು ಆ ವರ್ಷ ಒಂದೇ ಜೊತೆ ಹೊಲಿಸಿತ್ತು. ಬೆನ್ನಿಗೆ ಅಂಕಿಯಿಲ್ಲದವರನ್ನು ರೆಫರಿ ಒಳಗೆ ಬಿಡುವುದಿಲ್ಲ.

ಯಾರಿಗೆ ಫೋನು ಮಾಡಲಿ? ಯಾವ ಮುಖ ಹೊತ್ತುಕೊಂಡು ಮಾಡಲಿ? ಮಾಡಿದೆ.

ವಿಡಿಯೊದಲ್ಲಿ ಮೊದಲು ಕಂಡದ್ದು ಮರಳು, ಬಲೆ, ಆಮೇಲೆ ಬಿಸಿಲಿಗೆ ಕಪ್ಪಾದ ಅಣ್ಣನ ಮುಖ. ನಾನು ಮುದುಡಿದ ಎಂಟನ್ನು ಎತ್ತಿ ತೋರಿಸಿದೆ.

"ಹೋಯ್ತು ಅಣ್ಣಾ, ಎಲ್ಲ ಹೋಯ್ತು. ಎಂತ ಮಾಡುವುದು ಈಗ?"

"ಬಿಸಿನೀರು?"

"ಹ್ಞೂಂ."

ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. "ಅಳಬೇಡ. ನೀಲಿ ಬ್ಯಾಗ್ ತೆಗಿ, ಬೂಟಿನ ಬ್ರಷ್ ಕೆಳಗೆ ತಳದಲ್ಲಿ ಒಂದು ಕವರ್ ಇದೆ" ಎಂದರು. ಇತ್ತು. ಹಳೆಯ ಸೀಸನ್ನಿನಲ್ಲಿ ಉಳಿದ ಹಳದಿ ಅಂಕಿಗಳು, ಒಂದೊಂದರ ನಡುವೆ ಬೆಣ್ಣೆಕಾಗದ. ರಜೆಯ ಪತ್ರ ಜೇಬಿನಲ್ಲಿಟ್ಟುಕೊಂಡ ದಿನವೇ ಅವರು ಅದನ್ನು ನಮಗಾಗಿ ಬ್ಯಾಗಿನಲ್ಲಿ ಇಟ್ಟು ಹೋಗಿದ್ದರು.

ಆಮೇಲಿನ ನಾಲ್ಕು ಗಂಟೆ ಅವರು ದಂಡೆಯ ಮೇಲೆ ಫೋನು ಹಿಡಿದು ಕೂತರು. ಇಸ್ತ್ರಿಪೆಟ್ಟಿಗೆಯ ಆವಿ ನಿಲ್ಲಿಸು. ಮೇಲೆ ಹತ್ತಿಬಟ್ಟೆ ಹಾಸು. ಉಜ್ಜಬೇಡ, ಒತ್ತು. "ಹದಿನೈದು ಎಣಿಸು. ಜೋರಾಗಿ ಎಣಿಸು, ನಂಗೆ ಕೇಳಿಸ್ಬೇಕು. ಗಾಬರಿಯಲ್ಲಿ ನೀನು ಹತ್ತಕ್ಕೇ ಎತ್ತಿಬಿಡ್ತೀಯ." 'ಒಂದು' ಎಂಬ ಅಂಕಿ ಸಾಲದೆ ಬಂದಾಗ, ನಾಲ್ಕರ ಕಾಲನ್ನು ಕತ್ತರಿಸಿ ಒಂದು ಮಾಡಿಸಿದರು. ನಾನು ನಾಯಕನ ಜರ್ಸಿ ಎತ್ತಿಕೊಂಡಾಗ ತಡೆದರು. ಮೊದಲು ಬೆಂಚಿನವರದು. "ಇವತ್ತೊಂದು ದಿನ ಬಿಡಿ ಅಣ್ಣಾ, ಸಮಯ ಇಲ್ಲ" ಎಂದು ರೇಗಿದೆ.

"ಸಮಯ ಇಲ್ಲದ ದಿನವೇ ಅವರದು ಮೊದಲು ಆಗ್ಬೇಕಾದ್ದು."

ಪೆಟ್ಟಿಗೆ ಎತ್ತಿಟ್ಟು ಹೇಳಿದೆ: "ಅಣ್ಣಾ, ಆ ಪಟ್ಟಿ ಮಾಡಿದ್ದು ನಾನೇ."

"ಗೊತ್ತಮ್ಮಾ. ಪತ್ರದಲ್ಲಿ ನನ್ನ ಮನೆಹೆಸರು ಸರಿಯಾಗಿತ್ತು. ಮೇಲಿನವರಿಗೆ ನನ್ನ ಮನೆಹೆಸರು ಎಲ್ಲಿ ಗೊತ್ತು?" ಎಂದು ನಕ್ಕರು. ಆಮೇಲೆ ಹೇಳಿದರು, ಈ ಸಲ ನಗದೆ: "ಪಟ್ಟಿ ಮಾಡಿದ್ದಕ್ಕೆ ಬೇಜಾರಿಲ್ಲ. ಯಾರೋ ಒಬ್ರು ಮಾಡ್ಲೇಬೇಕಿತ್ತು. ಮುಖ ನೋಡಿ ಹೇಳಲಿಲ್ಲ ನೀನು. ಅದಕ್ಕೆ ಮೂರು ದಿನ ಅನ್ನ ಸೇರ್ಲಿಲ್ಲ ನಂಗೆ. ಹ್ಞಾಂ, ಪೆಟ್ಟಿಗೆ ಆರುತ್ತೆ, ಎತ್ಕೋ."

ಆ ಸಂಜೆ ನಾವು ಎರಡು ಗೋಲಿನಿಂದ ಸೋತೆವು. ಹದಿನೆಂಟು ಬೆನ್ನುಗಳ ಮೇಲಿನ ಅಂಕಿಗಳು ಮಾತ್ರ ಒಂದೂ ಅಲುಗಲಿಲ್ಲ.

ಕೊಚ್ಚಿಗೆ ಮರಳಿದವಳು ಮಾಲೀಕರ ಬೆನ್ನು ಬಿದ್ದೆ. ನಿಜ ಹೇಳಬೇಕೆಂದರೆ ಅವರ ತಲೆ ತಿಂದೆ. ನೋಡೋಣ ಎಂದರು, ಮುಂದಿನ ಸೀಸನ್ ಎಂದರು, ಪ್ರೇಕ್ಷಕರು ಬರಲಿ ಎಂದರು. ಕೊನೆಗೆ ಗ್ಯಾಲರಿಗಳು ತೆರೆದ ವರ್ಷ ಇಬ್ಬರನ್ನು ವಾಪಸು ಕರೆಯಲು ಒಪ್ಪಿದರು. ಆದೇಶ ಹಿಡಿದುಕೊಂಡು ನಾನೇ ರೈಲಿನಲ್ಲಿ ತಿರುವನಂತಪುರಕ್ಕೆ, ಅಲ್ಲಿಂದ ತುಂಬಕ್ಕೆ ಹೋದೆ. ಅಣ್ಣ ಅಂಗಳದಲ್ಲಿ ಕೂತು ಪತ್ರ ಓದಿದರು. ಕುಣಿದಾಡುತ್ತಾರೆಂದು ಕಾದರೆ, ಹುಬ್ಬು ಗಂಟಿಕ್ಕಿ ವಾಪಸು ಕೊಟ್ಟರು.

"'ಸಹಾಯಕ' ಅಂತಿದೆ. ಹನ್ನೊಂದು ವರ್ಷ ಯಾರಿಗೆ ಸಹಾಯಕನಾಗಿದ್ದೆ ನಾನು? ಕೋಣೇಲಿ ನಾನೊಬ್ಬನೇ ಇದ್ದಿದ್ದು. ಕಿಟ್ ಮ್ಯಾನೇಜರ್ ಅಂತ ಬರ್ಕೊಂಡು ಬಾ, ಬರ್ತೀನಿ."

ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗಿ, ಹಾಗೆಯೇ ಬರೆದು, ಮಾಲೀಕರು ಅವಸರದಲ್ಲಿದ್ದ ಹೊತ್ತು ನೋಡಿ ಸಹಿ ಹಾಕಿಸಿದೆ. ಮುಂದಿನ ಸೋಮವಾರ ಅಣ್ಣ ಆಲುವದ ಮೈದಾನದಲ್ಲಿದ್ದರು.

ಆಮೇಲೆ ಸಿಕ್ಕಿದ್ದು ಎರಡೇ ಸೀಸನ್. ರಜೆಗೆಂದು ಮನೆಗೆ ಹೋದವರು ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತಲ್ಲೇ ಹೋಗಿಬಿಟ್ಟರು. ತುಂಬದ ಇಗರ್ಜಿಯ ಅಂಗಳದಲ್ಲಿ ನಮ್ಮ ಹಳೆಯ ಆಟಗಾರರೆಷ್ಟೋ ಜನ ನಿಂತಿದ್ದರು. ಒಂದೇ ಒಂದು ಪಂದ್ಯವನ್ನೂ ಆಡದೆ ಕ್ಲಬ್ಬು ಬಿಟ್ಟುಹೋದವರೇ ಹೆಚ್ಚು. ಮಣ್ಣಾದ ಮೇಲೆ ಅವರ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದರು. ಪಕ್ಕದಲ್ಲಿ ಮಗಳು, ಈಗ ನರ್ಸಾಗಿದ್ದಾಳೆ. ಆ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು ಮಲಯಾಳದಲ್ಲಿ ಹೇಳಿದರು:

"ಕಾಸರಗೋಡಿನ ಮಗಳು ನೀನೇ ಅಲ್ವಾ? ಇವರು ದಿನಾ ಹೇಳ್ತಿದ್ದರು. ಮೇಲಿನವರು ಯಾರೋ ಹೆಸರು ಹೊಡೆದುಹಾಕಿದರು, ಆ ಹುಡುಗಿ ಜಗಳಾಡಿ ಕೆಲಸ ವಾಪಸು ಕೊಡಿಸಿದಳು ಅಂತ. ಈ ಮನೆ ನಿನ್ನನ್ನ ಮರೆಯೋದಿಲ್ಲ."

ನಾನು ಬಾಯಿ ತೆರೆದೆ. ಮಗಳೂ ನನ್ನತ್ತಲೇ ನೋಡುತ್ತಿದ್ದಳು, ತುಂಬಿದ ಕಣ್ಣುಗಳಿಂದ. ಅಷ್ಟು ವರ್ಷ, ತಮ್ಮ ಮನೆಯವರ ಮುಂದೆ ಕೂಡ, ಅಣ್ಣ ನನ್ನ ಸುಳ್ಳನ್ನು ಕಾಪಾಡಿಕೊಂಡು ಬಂದಿದ್ದರು. ಅಂದು ನನ್ನಿಂದ ಏನೂ ಹೇಳಲಾಗಲಿಲ್ಲ. ತಲೆ ತಗ್ಗಿಸಿ ನಿಂತೆ, ಅವರು ಅದನ್ನು ವಿನಯವೆಂದುಕೊಂಡರು.

ಇದನ್ನೆಲ್ಲ ಇಲ್ಲಿ ಬರೆದೆ, ಆದರೆ ಆ ತಾಯಿ, ಮಗಳು ಕನ್ನಡ ಓದುವುದಿಲ್ಲ. ಮುಂದಿನ ವಾರ ತುಂಬಕ್ಕೆ ಹೋಗುತ್ತಿದ್ದೇನೆ, ಮುಖ ನೋಡಿ ಹೇಳುವುದಕ್ಕೆ.