ನನ್ನ ಹೆಸರಿನ ಬಂದೂಕು

ಈ ಸಲದ ಆಯುಧಪೂಜೆಯ ಬೆಳಿಗ್ಗೆ ನನ್ನ ಹೆಂಡತಿ ಮಾಧವಿ ಹೊಲಿಗೆ ಯಂತ್ರವನ್ನು ಹಜಾರದ ನಡುವೆ ಎಳೆದುಕೊಂಡು ಅದಕ್ಕೆ ಎಣ್ಣೆ ಬಿಡುತ್ತಿದ್ದಳು. ವಿಶಾಖಪಟ್ಟಣದ ಗಾಳಿಗೆ ಕಬ್ಬಿಣದ ಮೇಲೆ ಅದೇನು ಹಗೆಯೋ, ನಾಲ್ಕು ದಿನ ಮರೆತರೆ ಕತ್ತರಿಗೂ ತುಕ್ಕು ಹಿಡಿಯುತ್ತದೆ. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲುಗಳು ನನ್ನನ್ನು ಕೇಳದೆಯೇ ಹಿಂದಕ್ಕೆ ಸರಿದವು. ಮಾಧವಿ ತಲೆಯೆತ್ತಿ ನೋಡಿ, "ಇದು ಹೊಲಿಗೆ ಮಿಷನ್ ರೀ, ಬಂದೂಕಲ್ಲ" ಎಂದು ನಕ್ಕಳು.

ಇದರ ಹಿಂದಿನ ಕಥೆ ಹೇಳದಿದ್ದರೆ ನೀವು ನನ್ನನ್ನು ಹೊಲಿಗೆ ಯಂತ್ರಕ್ಕೂ ಹೆದರುವವನು ಎಂದುಕೊಳ್ಳುತ್ತೀರಿ. ಹಾಗೇನಿಲ್ಲ. ಗೋಡೆಯ ಹಲ್ಲಿಗೆ ಹೆದರುತ್ತೇನೆ, ಆನೆಪಟಾಕಿಗೆ ಹೆದರುತ್ತೇನೆ, ಬ್ಯಾಂಕಿಗೆ ಬರುವ ಆಡಿಟರಿಗೆ ಎಲ್ಲರಂತೆ ಹೆದರುತ್ತೇನೆ. ಆದರೂ ಇಡೀ ದೇಶದ ಬಂದೂಕುಗಳನ್ನೆಲ್ಲ ಒಂದೇ ಕಡೆ ದಾಖಲು ಮಾಡಿಟ್ಟಿರುವ ಸರಕಾರಿ ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಮುಂದೆ ಜೋಡುನಳಿಗೆಯ ಬಂದೂಕೊಂದು ಇದೆ. ಉದ್ದೇಶ ಎಂಬ ಕಡೆ ಆತ್ಮರಕ್ಷಣೆ ಎಂದಿದೆ. ಆ ಬಂದೂಕಿನಿಂದಾಗಿ ನನ್ನ ಮದುವೆ ತಪ್ಪಿಹೋಗುವುದರಲ್ಲಿತ್ತು.

ನನ್ನದು ಬಳ್ಳಾರಿ ಸೀಮೆ, ಕಂಪ್ಲಿ ಹತ್ತಿರದ ಊರು. ಬ್ಯಾಂಕು ನನ್ನನ್ನು ಮೊದಲು ವಿಜಯವಾಡಕ್ಕೆ ಎತ್ತಿ ಹಾಕಿತು. ಬೆಂಜ್ ಸರ್ಕಲಿನ ಬಳಿಯ ಶಾಖೆಯಲ್ಲಿ ಎರಡನೇ ಆಫೀಸರು. ಆ ಶಾಖೆಯ ಬಾಗಿಲಲ್ಲಿ ಅಪ್ಪಲನಾಯುಡು ಎಂಬ ಕಾವಲುಗಾರನಿದ್ದ. ಶ್ರೀಕಾಕುಳಂ ಕಡೆಯವನು, ಸೈನ್ಯದಿಂದ ನಿವೃತ್ತನಾಗಿ ಬಂದವನು. ಅವನ ಕೈಯಲ್ಲಿ ಬ್ಯಾಂಕಿನದೊಂದು ಹಳೆಯ ಬಂದೂಕು. ಕೆಲಸ ಕಡಿಮೆಯಿದ್ದ ಮಧ್ಯಾಹ್ನಗಳಲ್ಲಿ ಅದಕ್ಕೆ ಎಣ್ಣೆ ಹಚ್ಚಿ, ಮೊಮ್ಮಗುವಿಗೆ ನೀರೆರೆದು ಒರೆಸುವಷ್ಟು ಅಕ್ಕರೆಯಿಂದ ಒರೆಸುತ್ತಿದ್ದ.

ಒಮ್ಮೆ ನಮ್ಮ ಮ್ಯಾನೇಜರು ಮಗಳ ಮದುವೆಗೆಂದು ರಜೆ ಹಾಕಿದ್ದಾಗ ಮೇಲಿನಿಂದ ಆದೇಶ ಬಂತು: ಎಲ್ಲ ಬಂದೂಕುಗಳ ಪರವಾನಗಿಯನ್ನೂ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಸೇರಿಸಿ ನಂಬರು ಪಡೆಯಬೇಕು, ಇಲ್ಲದಿದ್ದರೆ ಪರವಾನಗಿ ಬಿದ್ದುಹೋಗುತ್ತದೆ. ಕಾಗದಗಳನ್ನು ಹೊತ್ತುಕೊಂಡು ಪರವಾನಗಿ ಕಚೇರಿಗೆ ಹೋದವನು ನಾನು. ಸಂಸ್ಥೆಗಳಿಗೆ ಬೇರೆ ಪುಟವೇ ಇತ್ತಂತೆ, ಆ ದಿನ ಅದು ತೆರೆಯಲಿಲ್ಲ. ಕಂಪ್ಯೂಟರಿನ ಮುಂದಿದ್ದ ಹೆಂಗಸು ಸಾಮಾನ್ಯ ಪುಟದಲ್ಲೇ ತುಂಬತೊಡಗಿದರು.

"ತಂದೆಯ ಹೆಸರು?"

"ಬ್ಯಾಂಕಿಗೆ ತಂದೆ ಇಲ್ಲ ಮೇಡಂ."

"ಅದು ಬಿಟ್ಟರೆ ಮುಂದಕ್ಕೆ ಹೋಗೋದಿಲ್ಲ ಸಾರ್. ಮೈಮೇಲೆ ಗುರುತಿನ ಮಚ್ಚೆ?"

ಬ್ಯಾಂಕಿನ ಮೈಮೇಲೆ ಮಚ್ಚೆ ಎಲ್ಲಿ ಹುಡುಕುವುದು? ಹಿಂದೆ ಸಾಲು ಬೆಳೆಯುತ್ತಿತ್ತು. ಆಕೆ ನನ್ನ ಮುಖವನ್ನು ಒಮ್ಮೆ ನೋಡಿ, ಕಿವಿಯ ಕೆಳಗಿನ ಮಚ್ಚೆಯನ್ನು ಗುರುತಿಸಿ, "ಸದ್ಯಕ್ಕೆ ನಿಮ್ಮದೇ ಹಾಕ್ತೀನಿ ಸಾರ್, ಆಮೇಲೆ ಸರಿ ಮಾಡಿಸ್ಕೊಳ್ಳಿ" ಎಂದರು. ಸರಕಾರಿ ಕಚೇರಿಯ 'ಸದ್ಯಕ್ಕೆ' ಎಷ್ಟು ಗಟ್ಟಿ ಸಾಮಾನು ಎಂಬುದು ಬ್ಯಾಂಕಿನವನಾದ ನನಗಾದರೂ ಗೊತ್ತಿರಬೇಕಿತ್ತು. ನಾನು ಬ್ಯಾಂಕಿನ ಪರವಾಗಿ ಹೆಸರು ಕೊಟ್ಟೆನೆಂದುಕೊಂಡು ಸಹಿ ಹಾಕಿ ಬಂದೆ. ಸ್ವಲ್ಪ ದಿನಕ್ಕೆ ವಿಶಾಖಪಟ್ಟಣಕ್ಕೆ ವರ್ಗವಾಯಿತು, ಬಂದೂಕು ಮರೆತೇಹೋಯಿತು.

ಮಾಧವಿಯ ಸಂಬಂಧ ಬಂದದ್ದು ಅದಾದ ಮೇಲೆ. ವಿಜಯವಾಡದ ಮನೆ. ಅಪ್ಪ ತೆಲುಗಿನವರು, ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿ ನಿವೃತ್ತರಾದವರು. ಅಮ್ಮ ನಮ್ಮ ಹೊಸಪೇಟೆಯ ಕಡೆಯವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಹೆಣ್ಣು ನೋಡಲು ಹೋದ ದಿನ ಹುಡುಗಿ ತಟ್ಟೆ ಹಿಡಿದು ತಲೆ ತಗ್ಗಿಸಿ ಬರುತ್ತಾಳೆಂದು ನಾನು ಕಾಯುತ್ತಿದ್ದರೆ, ಅಡುಗೆಮನೆಯಿಂದಲೇ ಪ್ರಶ್ನೆ ಬಂತು: "ಅವರಿಗೆ ಕಾಫಿಗೆ ಸಕ್ಕರೆ ಎಷ್ಟು?" ಎದುರುಮನೆಯವರೂ ಉತ್ತರ ಕೊಡಬಹುದಾದಂಥ ಗಂಟಲು. ನಾನು ಮೆಲ್ಲಗೆ ಮಾತಾಡುವ ಮನೆಯಲ್ಲಿ ಬೆಳೆದವನು. ಆ ಗಂಟಲು ಕೇಳಿದೊಡನೆ ಮನೆಯ ಕಿಟಕಿಗಳನ್ನೆಲ್ಲ ಯಾರೋ ಒಟ್ಟಿಗೆ ತೆರೆದಂತಾಯಿತು. ಮುಚ್ಚುಮರೆ ಏಕೆ, ಅವಳ ಮುಖ ನೋಡುವ ಮೊದಲೇ ನಾನು ಒಪ್ಪಿಬಿಟ್ಟಿದ್ದೆ.

ಅವರೂ ಒಪ್ಪಿದರು. ಮುಹೂರ್ತ ನೋಡಿಸುತ್ತೇವೆ ಎಂದರು. ಆಮೇಲೆ ಯಾಕೋ ಮಾತು ಮೆತ್ತಗಾಯಿತು. ಮೊದಲು ಆಷಾಢ ಅಡ್ಡ ಬಂತು, ಆಷಾಢ ಮುಗಿದರೆ ಜಾತಕವನ್ನು ಇನ್ನೊಬ್ಬರಿಗೆ ತೋರಿಸಬೇಕಿತ್ತು. ನಾನು ಫೋನು ಮಾಡಿದಾಗಲೆಲ್ಲ ಮಾಧವಿಯ ಅಪ್ಪ ಇನ್ನಿಲ್ಲದ ಮರ್ಯಾದೆಯಿಂದ, "ಅಲ್ಲಂಡಿ, ಈಗ ಮೂಢಂ ನಡೀತಾ ಇದೆ ಕದಂಡಿ, ಶುಭಕಾರ್ಯ ಮಾಡಬಾರದು. ಶುಕ್ರ ಕಾಣಿಸ್ಕೊಳ್ಳಲಿ, ನೋಡೋಣ" ಎನ್ನುತ್ತಿದ್ದರು. ಊರಿಂದ ನಮ್ಮವ್ವ, "ಏನಪಾ, ಒಲ್ಲೆ ಅಂದ್ರ ಒಲ್ಲೆ ಅನ್ಲಿ, ಹೂಂ ಅಂದ್ರ ಹೂಂ ಅನ್ಲಿ. ಹಿಂಗ ತೂಗಾಕಿದ್ರ ಹೆಂಗ?" ಎಂದು ನನ್ನ ಮೇಲೆ ಸಿಡುಕುತ್ತಿದ್ದಳು.

ನಾನೇ ಒಂದು ಭಾನುವಾರ ಹೋದೆ. ಹೋಗುವಾಗ ವಿಶಾಖಪಟ್ಟಣದಿಂದ ಮಾಡುಗುಲ ಹಲ್ವ ಒಯ್ದಿದ್ದೆ. ಹಜಾರದಲ್ಲಿ ಮಾಧವಿಯ ಅಪ್ಪ ಕೂತಿದ್ದರು, ಬೆಂಜ್ ಸರ್ಕಲಿನಲ್ಲಿ ಸ್ಕೂಟರ್ ಶೋರೂಮ್ ಇಟ್ಟಿದ್ದ ಅವಳ ಸೋದರಮಾವನೂ ಇದ್ದರು. ಮಾತಿನ ನಡುವೆ ಹಲ್ವದ ನೆನಪಾಗಿ, "ನಿಮಗೊಂದು ತಂದಿದ್ದೀನಿ" ಎನ್ನುತ್ತ ಬ್ಯಾಗಿನೊಳಗೆ ಕೈ ಹಾಕಿದೆ. ಸೋದರಮಾವ ಧಡಕ್ಕನೆ ಎದ್ದು ನಿಂತರು. ಮಾಧವಿಯ ಅಪ್ಪ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಪೊಟ್ಟಣ ಹೊರಗೆ ಬಂದ ಮೇಲೆ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟು, ಹಲ್ವವನ್ನು ಮಿತಿಮೀರಿ ಹೊಗಳಿದರು. ಯಾರೂ ಒಂದು ಚೂರೂ ತಿನ್ನಲಿಲ್ಲ. ನನ್ನ ಮೂತಿಯಲ್ಲೇ ಏನೋ ದೋಷವಿದೆ ಎಂದುಕೊಂಡು ರೈಲು ಹತ್ತಿದೆ.

ಮರುವಾರ ಋಷಿಕೊಂಡದ ಮರಳಿನಲ್ಲಿ ಒಬ್ಬನೇ ಕೂತು ಸಮುದ್ರಕ್ಕೆ ನನ್ನ ದುಃಖ ಹೇಳಿಕೊಳ್ಳುತ್ತಿದ್ದಾಗ ಮಾಧವಿಯ ಫೋನು ಬಂತು. ಪೀಠಿಕೆಯೇ ಇಲ್ಲ.

"ನಿಮ್ಮ ಹತ್ರ ತುಪಾಕಿ ಇದೆಯಂತೆ, ನಿಜವಾ?"

ಪಕ್ಕದಲ್ಲಿ ಜೋಳ ಸುಡುತ್ತಿದ್ದವಳೂ ತಿರುಗಿ ನೋಡಿದಳು. ನಾನು ನಕ್ಕೆ.

"ನಗಬೇಡಿ. ಶೋರೂಮ್ ಮಾಮಯ್ಯನ ಫೋನಿಗೆ ಲಿಸ್ಟು ಬಂದಿದೆ. ನಿಮ್ಮ ಹೆಸರು, ನಿಮ್ಮ ತಂದೆ ಹೆಸರು, ಊರು, ಫೋನ್ ನಂಬರು, ಕಿವಿ ಕೆಳಗೆ ಮಚ್ಚೆ, ಎಲ್ಲ ಇದೆ. ಬಳ್ಳಾರಿ ಕಡೆಯವರು, ತುಪಾಕಿ ಬೇರೆ, ಇದು ಗ್ಯಾರಂಟಿ ಹೊಡೆದಾಟದ ಫ್ಯಾಕ್ಷನ್ ಮನೆ ಅಂತ ಮಾಮಯ್ಯ. ನಿಮ್ಮನ್ನ ಕೇಳೋಕೆ ಎಲ್ಲರಿಗೂ ಭಯ, ಸಂಕೋಚ. ನಾನು ಕೇಳ್ತಾ ಇದೀನಿ. ಇದೆಯಾ ಇಲ್ವಾ?"

ಆಗ ಅರ್ಥವಾಯಿತು. ಚುನಾವಣೆ ಹತ್ತಿರ ಬಂದಾಗ ಬಂದೂಕು ಇರುವವರೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು. ಅದಕ್ಕಾಗಿ ತೆಗೆದ ಪಟ್ಟಿಯನ್ನು ಯಾರೋ ಫೋಟೊ ಹೊಡೆದು ಇನ್ನಾರಿಗೋ ಕಳಿಸಿ, ಅದು ಊರೆಲ್ಲ ಸುತ್ತಿ ಶೋರೂಮಿಗೆ ಬಂದಿತ್ತು. ಕೆಲವು ದಿನಗಳಿಂದ ನನಗೆ ಬರುತ್ತಿದ್ದ ವಿಚಿತ್ರ ಕರೆಗಳ ಮೂಲವೂ ತಿಳಿಯಿತು. ತೋಟಾ ಬೇಕೇ ಎಂದು ಒಬ್ಬ ಕೇಳಿದ್ದ; ಅವನು ಹೇಳಿದ್ದು ಬಂದೂಕಿನ ಗುಂಡು, ನಾನು ಮಾವಿನ ತೋಟವೆಂದು ತಿಳಿದು ಬೇಡ ಎಂದಿದ್ದೆ. ತನ್ನ ಹೊಲಕ್ಕೆ ನುಗ್ಗುವ ಹಂದಿಗಳನ್ನು ಹೊಡೆದುಕೊಡಿ ಎಂದು ಇನ್ನೊಬ್ಬ ಗೋಗರೆದಿದ್ದ.

"ಇಲ್ಲ" ಎಂದೆ. "ಅದು ಬ್ಯಾಂಕಿನದು."

"ನಾನು ನಂಬ್ತೀನಿ. ಆದ್ರೆ ಅಪ್ಪ ಸರಿಯಾಗಿ ನಿದ್ದೆ ಮಾಡಿ ಎಷ್ಟೋ ದಿನ ಆಯ್ತು. ಅವರು ಒಪ್ಪದೆ ನಾನು ಬರಲ್ಲ. ಏನಾದ್ರೂ ಮಾಡಿ."

ಮಾಡಲು ಹೊರಟೆ. ವಿಶಾಖಪಟ್ಟಣದ ಪರವಾನಗಿ ಕಚೇರಿಯಲ್ಲಿ ವಿಚಾರಿಸಿದರೆ ಅಲ್ಲಿಯ ಗುಮಾಸ್ತರು ಶಾಂತವಾಗಿ, ಬಂದೂಕು ತಂದೊಪ್ಪಿಸಿದರೆ ಹೆಸರು ತೆಗೆಯುತ್ತೇವೆ ಎಂದರು. ನನ್ನ ಹತ್ತಿರ ಇಲ್ಲವಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟು, "ಕಳೆದುಹೋಗಿದೆಯೇ? ಹಾಗಿದ್ದರೆ ಅದು ಕೇಸಾಗುತ್ತದೆ" ಎಂದರು. ಹೇಳಿದ ಮಾತನ್ನು ಅಲ್ಲೇ ನುಂಗಿಕೊಂಡು ಹೊರಗೆ ಬಂದೆ. ಇದ್ದರೆ ಮದುವೆ ಇಲ್ಲ, ಇಲ್ಲದಿದ್ದರೆ ಜೈಲು.

ಉಳಿದದ್ದು ಒಂದೇ ದಾರಿ. ರಜೆ ಹಾಕಿ, ಎಂದೂ ರೈಲು ಬಿಟ್ಟು ಬೇರೆಯದರಲ್ಲಿ ಹೋಗದವನು ಅಂದು ವಿಮಾನ ಹತ್ತಿ ವಿಜಯವಾಡದ ಗನ್ನವರಂ ನಿಲ್ದಾಣದಲ್ಲಿ ಇಳಿದೆ. ಮಾಧವಿಯ ಅಪ್ಪನ ಮುಂದೆ ನಿಂತು ಬೋರ್ಡಿಂಗ್ ಪಾಸು ಕೊಟ್ಟೆ. "ನೋಡಿ ಸಾರ್, ಭದ್ರತಾ ತಪಾಸಣೆ ಆಗಿದೆ ಅಂತ ಮೊಹರು. ಮೈಯೆಲ್ಲ ತಡವಿ ಕಳಿಸಿದ್ದಾರೆ." ಆಯುಷ್ಯವೆಲ್ಲ ಟಿಕೆಟ್ ನೋಡಿದವರು, ಅದನ್ನು ಎರಡೂ ಕಡೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. ಅನಂತರ ನಾನು ಕರೆದಲ್ಲಿಗೆ ಬರಲು ಒಪ್ಪಿದರು. ಸೋದರಮಾವನನ್ನು ಕಾವಲಿಗೆ ಕರೆದುಕೊಂಡರು.

ಬೆಂಜ್ ಸರ್ಕಲಿನ ವಾಹನಗಳ ಗದ್ದಲ ದಾಟಿ ನನ್ನ ಹಳೆಯ ಶಾಖೆಗೆ ಹೋದರೆ ಅಪ್ಪಲನಾಯುಡು ಬಾಗಿಲಲ್ಲೇ ಇದ್ದ, ಬಂದೂಕೂ ಇತ್ತು. ಮಾಧವಿಯ ಅಪ್ಪ ತಪಾಸಣೆಯ ಹಳೆಯ ಧಾಟಿಯಲ್ಲಿ ಕೇಳಿದರು: ಇದು ಯಾರದು? ಈ ಸಾರು ಇದನ್ನು ಮುಟ್ಟುತ್ತಿದ್ದರೇ? ಅವನು ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ರುಚಿ ಸ್ವಲ್ಪ ಕಡಿಮೆಯಾದೀತು.

"ಈ ಸಾರಾ? ಇವರಾ ಮುಟ್ಟೋದು? ಅಯ್ಯಾ, ನಾನು ಎಣ್ಣೆ ಹಚ್ತಾ ಕೂತ್ರೆ ಇವರು ಊಟಕ್ಕೆ ಹೊರಗೆ ಹೋಗ್ತಿರಲಿಲ್ಲ. ಹಸ್ಕೊಂಡೇ ಒಳಗೆ ಕೂತಿರೋರು. ಗುಂಡು ಹಾರಿಸೋ ಅಭ್ಯಾಸಕ್ಕೆ ಆಫೀಸರೊಬ್ಬರು ಜೊತೆಗೆ ಬರಬೇಕು ಅಂತ ರೂಲು. ಇವರು ಬಂದ್ರು, ಜೀಪಿನ ಗಾಜು ಏರಿಸ್ಕೊಂಡು ಕಿವಿಗೆ ಬೆರಳು ಇಟ್ಕೊಂಡ್ರು. ಎಲ್ಲ ಮುಗೀತು ಸಾರ್ ಅಂತ ನಾನು ಹೋಗಿ ಬಾಗಿಲು ತಟ್ಟಿದ್ರೆ, ಆ ಸದ್ದಿಗೇ ಕೂಗ್ಕೊಂಡ್ರು."

ಕ್ಯಾಷ್ ಕೌಂಟರಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ಮಾಧವಿಯ ಅಪ್ಪನ ಮುಖ ನೋಡಿದೆ. ಅವನ ಒಂದೊಂದು ಮಾತಿಗೂ ಅದು ಅರಳುತ್ತಿತ್ತು. ನನ್ನ ಪುಕ್ಕಲುತನಕ್ಕೆ ಇಂಥ ಯೋಗ್ಯತಾಪತ್ರ ಸಿಗಬಹುದೆಂದು, ಅದನ್ನು ಹಿಡಿದು ಒಬ್ಬರು ಹೆಣ್ಣು ಕೊಡಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಸೋದರಮಾವ ಶೋರೂಮಿಗೆ ಹೋದರು. ನಾವಿಬ್ಬರೇ ಪಕ್ಕದ ಹೋಟೆಲಿನಲ್ಲಿ ಪೆಸರಟ್ಟು ಹೇಳಿ ಕೂತೆವು. ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ತಪ್ಪು ತಿಳ್ಕೊಬೇಡಿ ಬಾಬು" ಎಂದರು. "ನಮ್ಮಕ್ಕನ್ನ ಕೊಟ್ಟ ಮನೇಲಿ ಹಜಾರದ ಗೋಡೆ ಮೇಲೆ ತುಪಾಕಿ ತೂಗು ಹಾಕಿದ್ರು. ಅದನ್ನ ಯಾರಾದ್ರೂ ಕೆಳಗೆ ಇಳಿಸಿದ್ದು ನಾನು ನೋಡಿಲ್ಲ. ಇಳಿಸೋ ಅಗತ್ಯವೇ ಬರಲಿಲ್ಲ. ಮದುವೆಗೆ ಮುಂಚೆ ನಮ್ಮಕ್ಕ ನನ್ನ ಕೂಗಿದ್ರೆ ಕೃಷ್ಣಾ ಆಚೆ ದಡಕ್ಕೆ ಕೇಳೋದು. ಆ ಮನೆಗೆ ಹೋದ ಮೇಲೆ ಆಕೆ ಗಂಟಲು ನಾನು ಕೇಳಲೇ ಇಲ್ಲ. ಪಿಸುಪಿಸು ಅಂತ ಮಾತಾಡ್ತಾನೇ ಒಂದು ದಿನ ತೀರಿಹೋದಳು." ಅವರ ಕಣ್ಣು ತುಂಬಿತ್ತು. "ಮಾಧವಿಗೆ ಅದೇ ಗಂಟಲು ಬಂದಿದೆ ಬಾಬು."

ನಾನು ಅವರ ಕೈ ಹಿಡಿದುಕೊಂಡೆ. ಆ ತನಕ ತಮಾಷೆ ಎನಿಸಿದ್ದು ಆಗ ತಮಾಷೆಯಾಗಿ ಉಳಿಯಲಿಲ್ಲ. ನನ್ನ ವಿಷಯದಲ್ಲಿ ಪಟ್ಟಿ ಸುಳ್ಳು ಹೇಳಿತ್ತು, ನಕ್ಕುಬಿಡಬಹುದು. ಅದರಲ್ಲಿ ನಿಜವಾದ ಹೆಸರುಗಳೂ ಇದ್ದವಲ್ಲ. ಒಬ್ಬರೇ ವಾಸಿಸುವ ವಯಸ್ಸಾದ ಡಾಕ್ಟರಮ್ಮನ ಹೆಸರು, ಮನೆ ನಂಬರಿನ ಸಮೇತ ಇತ್ತಂತೆ. ಆಕೆಯ ಮನೆಯಲ್ಲಿ ಏನಿದೆ, ಯಾರಿಲ್ಲ ಎಂಬುದು ಈಗ ಸ್ಕೂಟರ್ ಕೊಳ್ಳಲು ಬಂದವರಿಗೆಲ್ಲ ಗೊತ್ತು. ಮಾಧವಿಯ ಅಪ್ಪ ಅಲ್ಲಿಂದಲೇ ಫೋನು ಮಾಡಿ ಆ ಪಟ್ಟಿಯನ್ನು ಅಳಿಸಿಹಾಕೆಂದು ಸೋದರಮಾವನನ್ನು ಗದರಿಸಿದರು. ಅವರು ತಕ್ಷಣ ಅಳಿಸಿದರು. ಅಷ್ಟರಲ್ಲಿ ಬೀಗರು, ಡೀಲರುಗಳು ಎಲ್ಲರಿಗೂ ಕಳಿಸಿ ಆಗಿತ್ತು.

ಶುಕ್ರ ಅಂದೇ ಸಂಜೆ ಕಾಣಿಸಿಕೊಂಡಿರಬೇಕು, ಮುಹೂರ್ತ ನಿಶ್ಚಯವಾಯಿತು. ಆಮೇಲೆ ಹಳೆಯ ಶಾಖೆಯ ಮ್ಯಾನೇಜರು ಬ್ಯಾಂಕಿನ ಹೆಸರಿನಲ್ಲಿ ಸರಿಯಾದ ದಾಖಲೆ ಮಾಡಿಸಿದರು. ನನ್ನದನ್ನು ತೆಗೆಯಲು ಆಗಲಿಲ್ಲ. ಹೀಗೆ ಒಂದೇ ಬಂದೂಕು ಕಂಪ್ಯೂಟರಿನೊಳಗೆ ಎರಡಾಗಿ, ಒಂದು ಬ್ಯಾಂಕಿನಲ್ಲೂ ಇನ್ನೊಂದು ನನ್ನ ಹೆಸರಿನಲ್ಲೂ ಸುಖವಾಗಿವೆ. ನಾನು ಬರೆದ ಅರ್ಜಿಗಳಿಗೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ತಪ್ಪದೆ ಬರುತ್ತದೆ. ಮನೆ ಬದಲಾಯಿಸಿದಾಗ ಹೊಸ ವಿಳಾಸವನ್ನು ಮಾತ್ರ ಆ ಕಂಪ್ಯೂಟರು ಹೇಗೋ ತಾನೇ ತಿಳಿದುಕೊಂಡಿತು. ತಪ್ಪು ತಿದ್ದಿಕೊಳ್ಳಲು ಬಾರದ ವ್ಯವಸ್ಥೆಗೆ ನನ್ನ ಬೆನ್ನು ಹತ್ತುವುದು ಚೆನ್ನಾಗಿ ಬರುತ್ತದೆ.

ಈಗ ಮಾಧವಿಯ ಅಪ್ಪ, ನನ್ನ ಮಾವನವರು, ನಮ್ಮ ಜೊತೆಗೇ ಇದ್ದಾರೆ. ಮೊನ್ನೆ ಮತ್ತೆ ಯಾವುದೋ ಚುನಾವಣೆಯೆಂದು ಠಾಣೆಯಿಂದ ಫೋನು ಬಂತು. ಬಂದೂಕು ಯಾವಾಗ ತಂದೊಪ್ಪಿಸುತ್ತೀರಿ ಎಂದರು. ನಾನು ತಡವರಿಸುತ್ತಿದ್ದುದನ್ನು ಕಂಡು ಮಾಧವಿ ಫೋನು ಕಿತ್ತುಕೊಂಡು ಆ ಕಾನ್‌ಸ್ಟೆಬಲ್‌ಗೆ ತೆಲುಗಿನಲ್ಲಿ ನಮ್ಮ ಮದುವೆಯ ಪೂರ್ತಿ ಚರಿತ್ರೆ ಒಪ್ಪಿಸಿದಳು. ಪಾಪ, ಅವನೇ ಕೊನೆಗೆ ಕ್ಷಮೆ ಕೇಳಿದ. ಆದರೆ ಅವಳ ಉಸಿರು ಇನ್ನೂ ಉಳಿದಿತ್ತು. ನನ್ನ ಕಡೆ ತಿರುಗಿದಳು.

"ಇಷ್ಟು ವರ್ಷ ಆಯ್ತು, ಒಂದು ಹೆಸರು ತೆಗೆಸೋಕೆ ಆಗಲಿಲ್ಲ ನಿಮಗೆ! ಬ್ಯಾಂಕಿನಲ್ಲಿ ಊರವರ ಕೆಲಸ ಎಲ್ಲ ಮಾಡ್ತೀರಿ, ಮನೆ ಕೆಲಸ ಅಂದ್ರೆ ಪರಿಶೀಲನೆಯಲ್ಲಿದೆ!"

ಕೆಳಗಿನ ಮನೆಯವರ ಬಾಲ್ಕನಿ ಬಾಗಿಲು ತೆರೆದ ಸದ್ದಾಯಿತು. ನನ್ನ ಕಡೆಯಿಂದಲೂ ಹೇಳುವುದಿತ್ತು; ಅರ್ಜಿಗಳ ಪ್ರತಿಗಳೆಲ್ಲ ನನ್ನ ಬಳಿ ಭದ್ರವಾಗಿವೆ. ಬಾಯಿ ತೆರೆಯುವಷ್ಟರಲ್ಲಿ ಮಾವನವರು ಕಣ್ಣಿಗೆ ಬಿದ್ದರು. ಅವರು ಟಿವಿಯ ಸದ್ದು ಪೂರ್ತಿ ಇಳಿಸಿ, ಕುರ್ಚಿಗೆ ಒರಗಿ, ಕಣ್ಣು ಮುಚ್ಚಿಕೊಂಡು ಮಗಳು ಕೂಗಾಡುವುದನ್ನು ಕೇಳುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು, ಅವಳು ಇನ್ನಷ್ಟು ಹೊತ್ತು ಬೈಯಲಿ ಎಂದು ನಿಂತೆ.