ಬೊನಿ ಬಾಬ್ ಮತ್ತು ಜಿಂಕೆ ಮಾಂಸ

ಗಲ್ಫಿನ ನಮ್ಮ ರಿಗ್ಗೈ ಬಡಾವಣೆಯಲ್ಲಿ ಯಾರ ಮನೆಯಲ್ಲಿ ಜಿಂಕೆ ಮಾಂಸ ಬೇಯುತ್ತಿದ್ದರೂ ಅಡುಗೆಯ ಬೊನಿ ಬಾಬ್ ಕರೆಯದೆಯೇ ಬಂದು, ಸೌಟು ಕಿತ್ತುಕೊಂಡು, ಗೋಡೆಗೆ ಬೆನ್ನೊತ್ತಿ ನಿಲ್ಲುತ್ತಾರೆ. ಪೊಟ್ಟಣ ಮೂಸಿಯೇ ಜಿಂಕೆಯ ಜಾತಿ ಹೇಳುವ ಜಂಬ ಬೇರೆ. “ಚುಕ್ಕೆ ಜಿಂಕೆ ಮೆತ್ತಗೆ ಮಾರಾಯ್ತಿ, ಬೇಗ ಇಳಿಸು. ಕಡವೆಯಾದ್ರೆ ಕೊಬ್ಬು ಪೂರಾ ತೆಗೆದು ವಿನೆಗರಿನಲ್ಲಿ ಇಡು, ಇಲ್ಲದಿದ್ರೆ ಬಾಯಿಗೆಲ್ಲ ಮೇಣ ಅಂಟಿದ ಹಾಗೆ ಆಗ್ತದೆ.” ತಾವು ಮಾತ್ರ ಒಂದು ತುಂಡನ್ನೂ ಮುಟ್ಟುವುದಿಲ್ಲ. “ರುಚಿಯೇ ನೋಡದ ನೀವು ಎಂಥ ಗುರು?” ಎಂದು ಮೊನ್ನೆ ತನ್ನ ಮನೆಯಲ್ಲಿ ಮಾಂಸ ಬೇಯಿಸುತ್ತಿದ್ದ ಮರೀನಾ ಕೆಣಕಿದಾಗ ಅವರ ದನಿ ಇಳಿಯಿತು. ಯುದ್ಧದ ವರ್ಷ ಕಫೀಲನ, ಅಂದರೆ ಇವರನ್ನು ಕೆಲಸಕ್ಕಿಟ್ಟುಕೊಂಡಿದ್ದ ಅರಬ್ ಧಣಿಯ, ತೋಟಕ್ಕೆ ನುಗ್ಗಿದ ಸೈನಿಕರು ಅಲ್ಲಿ ಸಾಕಿದ್ದ ಜಿಂಕೆಗಳನ್ನು ಇವರಿಂದಲೇ ಬೇಯಿಸಿಕೊಂಡರಂತೆ. ಮಾಂಸ ರುಚಿಯಾಗದಿದ್ದರೆ ಮುಂದಿನ ಗುಂಡು ನಿನಗೆ ಎಂದಿದ್ದರಂತೆ. “ಹೆದರಿ ಸತ್ತ ಜಿಂಕೆಯ ಮಾಂಸಕ್ಕೆ ರುಚಿ ಇಲ್ಲ ಮಗಾ. ಅದಕ್ಕೇ ಗುಂಡು ಬೀಳುವವರೆಗೂ ನಾನೇ ಖರ್ಜೂರ ತಿನ್ನಿಸ್ತಾ ಬೆನ್ನು ಸವರ್ತಾ ಇದ್ದೆ. ನನ್ನ ಕೈ ಅಂದ್ರೆ ಅವಕ್ಕೆ ಅಷ್ಟು ನಂಬಿಕೆ.” ಕನಿಕರದಿಂದ ಮರೀನಾ ಅವರ ಬೆನ್ನು ಸವರಲು ಕೈ ಚಾಚಿದಳು. ಬೊನಿ ಬಾಬ್ ಸೌಟು ಬಿಟ್ಟು ಗೋಡೆಗೆ ಇನ್ನಷ್ಟು ಅಂಟಿಕೊಂಡು, “ಬೇಡ ಮಗಾ, ಬೇಡ” ಎಂದರು.